ರಸಮಟ್ಟ

ಮೈಸೂರಿನ ಡಾಕ್ಟರು ಕಣ್ಣೊಳಗೆ ಗ್ಯಾಸು ತುಂಬಿ
ಕೈಗೊಂದು ಹಸಿರು ಪಟ್ಟಿ ಕಟ್ಟಿ ಕಳಿಸಿದರು:
ವಿಮಾನ ಹತ್ತಬಾರದು, ಬೆಟ್ಟ ಹತ್ತಬಾರದು.
ವಿಮಾನದ ಮಾತಿಗೆ ನನ್ನವಳು ನಕ್ಕಳು.
ಬೆಟ್ಟದ ಮಾತಿಗೆ ಇಬ್ಬರೂ ಸುಮ್ಮನಾದೆವು.
ಮನೆ ಇರುವುದು ಮಡಿಕೇರಿಯಲ್ಲಿ.

ಸುಂಟಿಕೊಪ್ಪ ದಾಟಿದರೆ ಕಿವಿ ಕಟ್ಟುವ ಹಾಗೆ
ಕಣ್ಣೊಳಗಿನ ಗುಳ್ಳೆಯೂ ಉಬ್ಬುತ್ತದಂತೆ.
ಹಾಗಾಗಿ ಕುಶಾಲನಗರದಲ್ಲೇ ಇಳಿದೆವು,
ನಾದಿನಿ ವಾರಿಜಳ ಮನೆಯಲ್ಲಿ,
ಹದಿನೆಂಟು ವರ್ಷದ ಹಿಂದೆ
ನಾನೇ ಕಾವಿ ಹಾಕಿ ತಿಕ್ಕಿದ ನೆಲದ ಮೇಲೆ.

ಹತ್ತು ದಿನ ಮುಖ ಕೆಳಗೆ.
ಗುಳ್ಳೆ ಮೇಲೇರಿ ಹಿಂಗೋಡೆಯ ತೂತನ್ನು
ಒತ್ತಿ ಹಿಡಿಯಬೇಕು,
ಗಾರೆ ಬಿಗಿಯುವ ತನಕ ಹಲಗೆ ಆನಿಸಿದಂತೆ.
ಇಷ್ಟನ್ನು ಮೇಸ್ತ್ರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಎರಡು ಬೆಂಚಿನ ನಡುವೆ ಲಾರಿ ಚಕ್ರದ ಟ್ಯೂಬು,
ಅರ್ಧ ಗಾಳಿ, ಸುತ್ತಲೂ ಹಳೆಯ ಪಂಚೆ.
ಅದರ ತೂತಿನಲ್ಲಿ ನನ್ನ ಮುಖ.
ಎದೆಗೊಂದು ದಿಂಬು, ಮೊಣಕಾಲಿಗೊಂದು.
ಕಾಫಿಗೆ ಎಳನೀರಿನ ನಳಿಕೆ.
ಗಂಟೆಗೆ ಹತ್ತು ನಿಮಿಷ ಬಿಡುವು;
ಹೊತ್ತಾಯಿತೆಂದು ಇಂಚರಳ ಮೊಬೈಲಿನಲ್ಲಿ
ಹುಂಜ ಕೂಗುತ್ತದೆ.

ಮನುಷ್ಯರೆಲ್ಲ ಈಗ ಹಿಮ್ಮಡಿಯಿಂದ ಬೆರಳಿನವರೆಗೆ ಮಾತ್ರ.
ಷಡ್ಡಕನ ಕಾಲುಚೀಲಕ್ಕೆ ಹೆಬ್ಬೆರಳಲ್ಲಿ ತೂತು,
ಅವನ ಕಷ್ಟ ನನಗೆ ಗೊತ್ತೇ ಇರಲಿಲ್ಲ.
ಕಂಟ್ರಾಕ್ಟರು ಬಂದ. ಎರಡು ಹೊಳೆವ ಬೂಟು,
ಮೇಲಿನಿಂದೆಲ್ಲಿಂದಲೋ ಒಂದು ದನಿ,
‘ಆರಾಮಾಗಿರಿ ಮೇಸ್ತ್ರಿ’,
ಹಾರ್ಲಿಕ್ಸ್ ಬಾಟಲಿ ಇಟ್ಟು ಹೋಯಿತು.
ಇಂಚರ ಮಾತ್ರ
ಜೀಪಿನಡಿ ಮೆಕ್ಯಾನಿಕ್ ನುಗ್ಗುವ ಹಾಗೆ
ಬೆನ್ನ ಮೇಲೆ ಜಾರಿ ಬಂದು
ನೆತ್ತಿಗೆ ನೆತ್ತಿ ತಿರುಗಿಸಿ ಹಲ್ಲು ತೋರಿಸುತ್ತಾಳೆ,
ಬಿದ್ದ ಹಲ್ಲಿನ ಕಿಂಡಿಯನ್ನೂ.

ಉಳಿದ ಹೊತ್ತೆಲ್ಲ ನೆಲ.
ಒಳ್ಳೆಯ ಕಣ್ಣಿಗೆ ನನ್ನದೇ ಕೆಲಸ,
ಕೆಟ್ಟ ಕಣ್ಣಿಗೆ ಬೂದಿ ಬಣ್ಣದ ನೀರು.
ಕರಣೆ ತಿರುಗಿಸಿದಲ್ಲಿ ಅರ್ಧಚಂದ್ರದ ಗೀರು,
ಹೊಸ್ತಿಲ ಹತ್ತಿರ ಕೋಳಿಯ ಮೂರು ಬೆರಳು.
ಒಣಗುವ ಮುಂಚೆ ಒಳಗೆ ಬಂದದ್ದು,
ಅದನ್ನು ಅಟ್ಟಿಸಿಕೊಂಡು ಹೋದವನು ಮೊಯ್ದು.

ಮೊಯ್ದು ಅಂದೇ ಹೇಳಿದ್ದ,
‘ನೀರು ಮೂಲೆಗೆ ಹೋಗ್ತದೆ, ಬಾಗಿಲಿಗಲ್ಲ.’
ನಾನು ರಸಮಟ್ಟ ತಂದು ನೆಲಕ್ಕಿಟ್ಟು
ಗುಳ್ಳೆ ತೋರಿಸಿ, ಮಾತು ಬೆಳೆಸಿ,
ಅವನಪ್ಪನ ತನಕ ಹೋಗಿದ್ದೆ.
ಅಂದಿನಿಂದ ಅವನಿಗೆ ಬೇರೆ ಕೆಲಸ, ನನಗೆ ಬೇರೆ.
ಆರನೆಯ ದಿನ ನಳಿಕೆ ಜಾರಿ ಕಾಫಿ ಚೆಲ್ಲಿತು.
ನೋಡುತ್ತ ಇದ್ದೆ. ಬೇರೇನು ಮಾಡಲಿ?
ಅದು ಅವಸರವಿಲ್ಲದೆ, ದಾರಿ ಗೊತ್ತಿದ್ದ ಹಾಗೆ
ಮೂಲೆಗೆ ಹೋಗಿ ನಿಂತಿತು.

ಏಳನೆಯ ದಿನ ಮಧ್ಯಾಹ್ನ
ಬಾಗಿಲಲ್ಲಿ ಎರಡು ಪಾದ, ಬರಿಗಾಲು.
ಸಿಮೆಂಟು ತಿಂದ ಉಗುರು.
ಹೆಸರು ಕೇಳಬೇಕಾಗಿರಲಿಲ್ಲ.
ಪಾದಗಳು ತುಸು ಹೊತ್ತು ನಿಂತವು.
ಆಮೇಲೆ ಒಂದು ಮೊಣಕಾಲು ನೆಲಕ್ಕೆ ಬಂತು,
ಲಟಕ್ಕೆಂದಿತು; ಇನ್ನೊಂದು; ಒಂದು ಅಂಗೈ;
ಅರವತ್ತೆರಡರ ಮೈಯನ್ನು ಕಂತುಕಂತಾಗಿ ಇಳಿಸಿ
ಬೆಂಚಿನಡಿ ಅಂಗಾತ ಮಲಗಿದ.
ಗಡ್ಡ ಬೆಳ್ಳಗಾಗಿದೆ.
ಇಷ್ಟು ಹತ್ತಿರದಿಂದ
ಅವನ ಮುಖ ಯಾವತ್ತೂ ನೋಡಿರಲಿಲ್ಲ.

‘ನೀರು ಮೂಲೆಗೇ ಹೋಗ್ತದೆ’ ಅಂದೆ.
‘ಹೂಂ’ ಅಂದ.
ಕಣ್ಣಿಗೆ ಬಿಟ್ಟ ಮದ್ದೋ ಏನೋ
ಒಂದು ಹನಿ ಅವನ ಕೆನ್ನೆಗೆ ಬಿತ್ತು,
ಒರೆಸಿಕೊಳ್ಳಲಿಲ್ಲ.
‘ಏಳಲಿಕ್ಕೆ ಆಗೋದಿಲ್ಲ ಮಾರಾಯ’ ಅಂದ ಕೊನೆಗೆ,
‘ಯಾರನ್ನಾದರೂ ಕರಿ.’
ವಾರಿಜ ಒಂದು ಕೈ, ಇಂಚರ ಒಂದು ಕೈ.

ಗುಳ್ಳೆ ಈಗ ಸಣ್ಣದಾಗುತ್ತಿದೆ.
ತಲೆ ಬಗ್ಗಿಸಿದರೆ ಕಾಳುಮೆಣಸಿನಷ್ಟು, ದುಂಡಗೆ,
ಸುತ್ತಲೂ ಕೆಂಪು ನೆಲ
ನಿಧಾನವಾಗಿ ಬಣ್ಣ ಹಿಡಿಯುತ್ತಿದೆ.
ಅದೂ ಕರಗಿದ ಮೇಲೆ ಬಸ್ಸು ಹತ್ತಬಹುದಂತೆ.
ಅದಕ್ಕೆ ಮುಂಚೆ ಆ ಮೂಲೆ ಒಡೆಯಬೇಕು,
ಮೊಯ್ದು ಕರಣೆ ತರುತ್ತೇನೆಂದಿದ್ದಾನೆ.
ಕೋಳಿಯ ಬೆರಳು ಮುಟ್ಟಬೇಡಿ ಅಂತ
ಇಂಚರಳ ಕರಾರು.