ಖಾಲಿ ಸೂಜಿ

ಔಷಧಿ ಏನೂ ಇಲ್ಲವೇನವ್ವ ಇದರಲ್ಲಿ, ಅಂದೆ.
ಇಲ್ಲ, ಅಂದಳು.
ಮತ್ತೆ?
ಬರೀ ಸೂಜಿ. ಡ್ರೈ ನೀಡ್ಲಿಂಗ್ ಅಂತಾರೆ.

ಬರೀ ಸೂಜಿಗೆ ನಾನೂರು ರೂಪಾಯಿ.
ಎಷ್ಟು ಚೀಲ ಮಂಡಕ್ಕಿ ಹುರಿದರೆ
ಈ ಒಣ ಸೂಜಿ ಬರುತ್ತದೆಂದು
ಬೋರಲು ಮಲಗಿದಲ್ಲೇ ಲೆಕ್ಕ ಹಾಕಿದೆ.
ಮಂಚದ ತಲೆಯಲ್ಲಿ ಮುಖಕ್ಕೊಂದು ತೂತು;
ತೂತಿನಾಚೆ ಅವಳ ಚಪ್ಪಲಿ, ಪಿ.ಜೆ. ಬಡಾವಣೆಯ ಬಿಳಿ ಟೈಲು,
ಒಂದು ಇರುವೆ ತನ್ನ ಕೆಲಸಕ್ಕೆ ಹೊರಟಿತ್ತು.

ಹನ್ನೆರಡು ವರ್ಷದ ನೋವು.
ಬೆಳಗಿನ ಮೂರಕ್ಕೆ ಹೊಟ್ಟಿನ ಒಲೆ ಹತ್ತಿದರೆ
ಬಾಣಲೆ ಮುಂದೆ ಅರ್ಧ ಬಾಗಿ ನಿಲ್ಲುವುದು.
ಪೂರ್ತಿ ಬಾಗಿದರೂ ಸುಖ, ನೆಟ್ಟಗೆ ನಿಂತರೂ ಸುಖ,
ಈ ಅರ್ಧವೇ ಕೊಲ್ಲುವುದು.
ಬೆಲ್ಟು ಕಟ್ಟಿದೆ. ಮುಲಾಮು ತಿಕ್ಕಿದೆ.
ಕೊಳವೆಯೊಳಗೆ ತೂರಿಸಿ ಫೋಟೋ ತೆಗೆದವರು
ವಯಸ್ಸಿಗೆ ತಕ್ಕ ಸವೆತ, ಅಂತ ಬರೆದರು.
ನಲವತ್ತಾರು ಒಂದು ವಯಸ್ಸೇ?

ಅಕ್ಕ ಮಾಬುನ್ನಿ ಹುಟ್ಟುವಾಗ ಕಾಲು ಮುಂದಾಗಿ ಬಂದವಳು.
ಬಾಷಾ ನಗರದ ಅರ್ಧ ಓಣಿ
ಭಾನುವಾರ ಅವಳ ಒದೆಗೆ ಸಾಲು ನಿಲ್ಲುತ್ತಿತ್ತು:
ಚಪ್ಪಡಿಯ ಮೇಲೆ ಬೋರಲು ಬಿದ್ದವರ ಸೊಂಟಕ್ಕೆ
ಎಡಗಾಲಲ್ಲಿ ಮೂರು ಸಲ.
ಹಮಾಲರು, ಟೈಲರು, ಒಬ್ಬ ಪೊಲೀಸಪ್ಪ ಕೂಡ
ಎದ್ದು ನೆಟ್ಟಗೆ ನಡೆದು ಹೋದರು.
ನನ್ನದು ಮಾತ್ರ ಹೋಗಲಿಲ್ಲ.
ತಮ್ಮ ಅಂತ ಮೆತ್ತಗೆ ಒದ್ದಳೇನೋ.
ಕೇಳಬೇಕೆಂದಿದ್ದೆ; ಹೋದ ರಂಜಾನಿಗೆ ಮುಂಚೆ ಅವಳೇ ಹೋದಳು.

'ದಾದಾಪೀರ್ ಅವರೇ, ಎಲ್ಲಿ ನೋವು?'
ಕೈ ಹಿಂದಕ್ಕೆ ತಿರುಗಿಸಿ ಸೊಂಟವಿಡೀ ಸವರಿದೆ.
'ಹಂಗಲ್ಲ. ಒಂದೇ ಬೆರಳಲ್ಲಿ ತೋರಿಸ್ರಿ.'
ಇಷ್ಟು ವರ್ಷ ಯಾರೂ ಹೀಗೆ ಕೇಳಿರಲಿಲ್ಲ.
ನನ್ನ ಬೆರಳು ಅಲೆಯಿತು,
ಮನೆ ನಂಬರಿಲ್ಲದ ಚೀಟಿ ಹಿಡಿದು ಬಂದ ನೆಂಟನ ಹಾಗೆ.
ಆಮೇಲೆ ಅವಳ ಹೆಬ್ಬೆರಳು ಬಂತು,
ಬೆನ್ನೆಲುಬಿನಿಂದ ಎರಡು ಬೆರಳು ಆಚೆ, ಎಡಕ್ಕೆ,
ಒಂದು ಗಂಟನ್ನು ಒತ್ತಿ ನಿಂತಿತು.
'ಇಲ್ಲೇನಾ?'
ಯಾ ಅಲ್ಲಾ, ಅಲ್ಲೇ.
ತೊಡೆಯವರೆಗೆ ಇಳಿಯುವ ನೋವಿನ ತಾಯಿಬೇರು
ಕಡಲೆಕಾಳಿನಷ್ಟು ಜಾಗದಲ್ಲಿ ಕೂತಿತ್ತು.

ಸೂಜಿ ಇಳಿದದ್ದು ಗೊತ್ತೇ ಆಗಲಿಲ್ಲ.
ಕೂದಲೆಳೆಯಷ್ಟು. ಆಳಕ್ಕೆ ಹೋಗಿ
ಏನನ್ನೋ ಹುಡುಕಿತು, ತುಸು ಹಿಂದೆ ಬಂತು, ಮತ್ತೆ ಹೋಯಿತು.
ಆಗ, ನನ್ನ ಅಪ್ಪಣೆಯಿಲ್ಲದೆ,
ಒಳಗೆ ಮಾಂಸ ಟಪ್ಪನೆ ಹಾರಿತು.

ಆ ಹಾರುವುದು ನನಗೆ ಗೊತ್ತು.
ಉಪ್ಪುನೀರು ಕುಡಿದ ಅಕ್ಕಿ ಕಾದ ಉಸುಕಿಗೆ ಬಿದ್ದು
ಒಂದು ಗಳಿಗೆ ಸುಮ್ಮನಿದ್ದು
ಮೊದಲ ಕಾಳು ಟಪ್ಪನೆ ಸಿಡಿಯುತ್ತದಲ್ಲ, ಅದೇ.
ಇಪ್ಪತ್ತೆರಡು ವರ್ಷ ಕಣ್ಣೆದುರಿಗೆ ಕಂಡದ್ದು
ಬೆನ್ನೊಳಗೆ.
'ಹಾರಿತಾ?'
ಹಾರಿತವ್ವ.
'ಒಳ್ಳೇದು' ಅಂದಳು,
ನಮ್ಮ ಭಟ್ಟಿ ಮಾಲೀಕನ ಹಾಗೆ, ತಲೆಯೆತ್ತದೆ.

ನಾಲ್ಕು ಸೂಜಿ. ಒಂದು ಹಾರಲೇ ಇಲ್ಲ.
ಮಂಡಕ್ಕಿ ನೆನೆದು ನಗು ಬಂತು.
'ನಗಬೇಡ್ರಿ, ಸೂಜಿ ಬಾಗ್ತದೆ.'

ವಾಸಿ ಆಗುತ್ತಾ ಅಂದರೆ ಹೂಂ ಅನ್ನಲಿಲ್ಲ ಶಿವಗಂಗಾ.
ಎರಡು ದಿನ ಏಟು ಬಿದ್ದ ಹಾಗಿರ್ತದೆ, ಅಂದಳು.
ಆಮೇಲೆ ಸಡಿಲ ಆಗಬಹುದು. ವ್ಯಾಯಾಮ ಬಿಟ್ಟರೆ ಮತ್ತೆ ಬರ್ತದೆ.
ಹಳದಿ ಡಬ್ಬಿಗೆ ಸೂಜಿಗಳನ್ನು ಬಿಡುತ್ತಾ ಕೇಳಿದಳು:
ನಿಮ್ಮ ಬಾಣಲೆ ಒಂದು ಗೇಣು ಏರಿಸೋಕೆ ಆಗಲ್ವಾ?

ಒಲೆ ಕಟ್ಟಿದ ದಿನ ಅದರ ಮುಂದೆ ನಿಂತು
ಅಳತೆ ಕೊಟ್ಟವನು ನಮ್ಮ ಅಬ್ಬ.
ಅವನು ನನ್ನ ಭುಜದಷ್ಟಿದ್ದ.

ಮೂರನೇ ದಿನ, ಬೆಳಗಿನ ಮೂರು ಗಂಟೆ.
ಹೊಗೆಯಲ್ಲಿ ನಿಂತು ನನ್ನ ನೋವನ್ನು ಹುಡುಕಿದೆ.
ಇತ್ತು.
ಜರಡಿಯಲ್ಲಿ ಉಳಿಯುವ ಅರಳದ ಕಾಳಿನ ಹಾಗೆ, ಒಂದೆರಡು.
ಒಂದೇ ಬೆರಳಲ್ಲಿ ತೋರಿಸಬಲ್ಲೆ ಈಗ.
ಒಲೆ ಏರಿಸಲು ಮಾಲೀಕ ಒಪ್ಪಲಿಲ್ಲ.
ಗುದ್ದಲಿ ತಂದಿದ್ದೇನೆ.
ನಾನು ನಿಲ್ಲುವಲ್ಲಿ ಒಂದು ಗೇಣು ನೆಲ ಅಗೆಯುತ್ತೇನೆ.