ಒಂಟೆ ಹೊರಗೆ ಬಂದದ್ದು ಹೇಗೆ

ಶಿಡ್ಲಘಟ್ಟದ ಸಬ್‌ರಿಜಿಸ್ಟ್ರಾರ್ ಕಛೇರಿಯ ಎದುರು
ಹೊಂಗೆಯ ನೆರಳಲ್ಲಿ ನನ್ನ ಮೇಜು.
ಮೂವತ್ತೊಂದು ವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದೇನೆ:
ಇದು ನಿಮ್ಮ ಕೈಗೆ ಬಂದದ್ದು ಹೇಗೆ?
ಯಾರಿಂದ ಯಾರಿಗೆ, ಯಾವ ತಾರೀಖು, ಮೂಲಪತ್ರ ಎಲ್ಲಿ?

ಮಂಗಳವಾರ ಗೂಡಿನ ಹರಾಜು ಮುಗಿಸಿ
ಜಬೀವುಲ್ಲಾ ಬರುತ್ತಾನೆ. ಬೆಂದ ಹುಳದ ವಾಸನೆ
ಅವನಿಗಿಂತ ಒಂದು ಮಾರು ಮುಂದೆ.
ಬಿಸಿನೀರಲ್ಲಿ ನೆನೆನೆನೆದು ಬಿಳಿಚಿದ ಬೆರಳು,
ಆಧಾರ್ ಯಂತ್ರ ಗುರುತೇ ಹಿಡಿಯದ ಬೆರಳು,
ಜೇಬಿನ ಚೀಟಿ ಬಿಡಿಸುತ್ತದೆ:
ಒಂದು ಮಗ್ಗುಲಲ್ಲಿ ಲಾಟ್ ನಂಬರು, ತೂಕ, ದರ.
ಇನ್ನೊಂದರಲ್ಲಿ ಅರವತ್ತನಾಲ್ಕು ಮನೆ.

"ಬಿಳಿ ಆಡಿ ಎರಡೇ ನಡೆಗೆ ಮಾತ್, ರೈಟ್ರೇ.
ರಾತ್ರಿಯೆಲ್ಲಾ ಕೂತು ಕಟ್ಟಿದ್ದು."

ನಾನು ಮಾತ್ ನೋಡಲಿಲ್ಲ. ಅಭ್ಯಾಸಬಲ,
ಹಕ್ಕು ನೋಡಿದೆ.
ಬಲದಂಚಿನ ಕಪ್ಪು ಮನೆಯಲ್ಲಿ ಬಿಳಿಯ ಒಂಟೆ.
ಅದು ಹುಟ್ಟಿದ ಮನೆಯ ಎದುರು
ಎಡಕ್ಕೊಬ್ಬ ಬಲಕ್ಕೊಬ್ಬ ಕಾಲಾಳು,
ಆಟ ಶುರುವಾದಾಗಿಂದ ಕದಲದವರು.
ಕಾಲಾಳು ಹಿಂದೆ ಸರಿಯುವುದಿಲ್ಲ,
ಒಂಟೆ ನೇರ ನಡೆಯುವುದಿಲ್ಲ.
"ಬಾಗಿಲೇ ತೆರೆಯದ ಮನೆ, ಜಬೀ.
ನಿನ್ನ ಒಂಟೆ ಹೊರಗೆ ಬಂದದ್ದು ಹೇಗೆ?"

"ನಾನೇ ಇಟ್ಟೆ" ಅಂತ ನಕ್ಕ.

"ಹಾಗಾದರೆ ಇದು ಅದಲ್ಲ ಅನ್ನು.
ಕಪ್ಪು ಕುದುರೆ ಒಳನುಗ್ಗಿ ಆ ಒಂಟೆಯನ್ನು
ಮಲಗಿದಲ್ಲೇ ತುಳಿದಿತ್ತು ಅನ್ನು.
ಇದು ಯಾವನೋ ಕಾಲಾಳು. ಕೊನೆಯ ಸಾಲು ಮುಟ್ಟಿ
ರಾಣಿಯಾಗಬಹುದಿದ್ದವನು ಒಂಟೆಯಾದ ಅನ್ನು."
"ಅಂಥ ದಡ್ಡ ಯಾರಿದ್ದಾನೆ?"
"ಇರಬಹುದು ಕಣಪ್ಪ. ಕಾನೂನು ಬುದ್ಧಿ ಕೇಳಲ್ಲ,
ದಾರಿ ಕೇಳುತ್ತೆ."

ಎಣಿಸಿದೆವು.
ಎಂಟಕ್ಕೆ ಎಂಟೂ ಬಿಳಿ ಕಾಲಾಳು ಹಲಗೆಯ ಮೇಲೇ ಇದ್ದರು.
ಯಾರೂ ಸಾಯದೆ ವಾರಸುದಾರ ಬರುವಂತಿಲ್ಲ.

ಮುಂದಿನ ವಾರ ಒಬ್ಬನನ್ನು ತೆಗೆದು ತಂದ,
ರಾಜನ ಕಡೆಯ ಕುದುರೆಯ ಮುಂದಿನವನನ್ನು.
ಕಪ್ಪಿನಲ್ಲೂ ಒಂದು ಆನೆ, ಒಬ್ಬ ಕಾಲಾಳು ಇರಲಿಲ್ಲ.
ಬೆರಳಿಟ್ಟು ಹಿಂದಕ್ಕೆ ನಡೆದೆ:
ಮೂಲೆಯ ಆನೆಯನ್ನು ಹೊಡೆದು, ಅಲ್ಲೇ ಒಂಟೆಯಾಗಿ,
ಎರಡು ಹೆಜ್ಜೆಗೆ ಅಂಚಿಗೆ.
ದಾರಿ ಇತ್ತು. ರಿಜಿಸ್ಟರ್ ಆಗುತ್ತೆ ಅಂದೆ.
ಆದರೆ ಆ ಒಬ್ಬ ಹೋದ ಕಿಂಡಿಯಿಂದ
ಕಪ್ಪು ರಾಜ ಜಾರಿಕೊಂಡ. ಮಾತ್ ಇಲ್ಲ.

ಚಹಾ ಬಂತು. ಏನಾದರೂ ಹೇಳಬೇಕಲ್ಲ ಅಂತ
"ಗೂಡಿನ ಎಳೆ ಬಿಚ್ಚಿದ ಹಾಗೇ ಅಲ್ಲವೇ ಇದು" ಅಂದೆ.
"ಇಲ್ಲ ರೈಟ್ರೇ. ಹುಳ ಮೊದಲು ನೂಲೋದೇ ಹೊರಗಿನ ಸುತ್ತು,
ನಾವು ಎಳೆಯೋದೂ ಹೊರಗಿನಿಂದಲೇ.
ನೀವು ಹಿಂದಕ್ಕೆ ಹೋಗೋರು,
ನಾವು ಹುಳದ ಹಿಂದೆ ಹೋಗೋರು.
ಕೊನೆಗೆ ಸಿಗ್ತದೆ ಅದು, ಬೆಂದು."
ಲೋಟ ಖಾಲಿ ಮಾಡಿ:
"ಚಿಟ್ಟೆ ಹೊರಬಿದ್ದಿದ್ದರೆ ತೂತು ಗೂಡು. ಎಳೆ ಬರಲ್ಲ."

ಅಷ್ಟರಲ್ಲಿ ಒಂದು ಪಾರ್ಟಿ.
ಜಂಗಮಕೋಟೆ ಕಡೆಯ ಎರಡೆಕರೆ.
ಪಹಣಿ, ಮ್ಯುಟೇಷನ್, ವಂಶವೃಕ್ಷ, ನಡೆನಡೆಗೂ ಸೀಲು.
ತಂಗಿಯ ಹಕ್ಕುಬಿಡುಗಡೆ ಪತ್ರದಲ್ಲಿ ಹೆಬ್ಬೆಟ್ಟು.
ಆ ಹೆಣ್ಣುಮಗಳು ಅಂಗನವಾಡಿಯಲ್ಲಿ
ದಿನಾ ಹಾಜರಿ ಬರೆಯುವವಳು,
ಅವಳ ಅಕ್ಷರ ನಾನು ಕಂಡಿದ್ದೇನೆ, ಮುತ್ತಿನಂಥದು.
ಕಾಗದದ ಮೇಲೆ ದಾರಿ ಸರಿಯಿತ್ತು.
ಬರೆದೆ. ಎಂಟುನೂರು ರೂಪಾಯಿ.

ಜಬೀವುಲ್ಲಾ ನೋಡುತ್ತಿದ್ದ. ಏನೂ ಕೇಳಲಿಲ್ಲ.
ಚೀಟಿಯ ಮೇಲೆ ತೆಗೆದ ಕಾಲಾಳನ್ನು
ಪೆನ್ಸಿಲಿನಿಂದ ಮತ್ತೆ ಅದೇ ಮನೆಯಲ್ಲಿ ಬರೆದ,
ಅಳಿಸಿದ, ಬರೆದ.

"ಮೊದಲಿನದು ನನಗೆ ಕೊಟ್ಟುಬಿಡು" ಅಂದೆ.
"ಅದು ಆಗೋದೇ ಇಲ್ಲ ಅಂದ್ರಲ್ಲ."
"ಆಗೋದಿಲ್ಲ."

ಸೀಲಿನ ಡಬ್ಬಿಯ ಕೆಳಗಿದೆ ಈಗ ಅದು.
ಕೆಲಸವಿಲ್ಲದ ಮಧ್ಯಾಹ್ನ ತೆಗೆದು ನೋಡುತ್ತೇನೆ:
ಎಂಟೂ ಜನ ಬದುಕಿದ್ದಾರೆ,
ಬಾಗಿಲು ಮುಚ್ಚಿದೆ, ಒಂಟೆ ಹೊರಗಿದೆ,
ಎರಡೇ ನಡೆ.