ಹಿಮ್ಮುಖ

ನನ್ನ ಎತ್ತರದಿಂದ ದಾವಣಗೆರೆ ಬೇರೆಯೇ ಊರು.
ಇಲ್ಲಿ ಯಾರಿಗೂ ಮುಖವಿಲ್ಲ.
ಬೆಲ್ಟಿನ ಬಕಲುಗಳಿವೆ, ಹ್ಯಾಂಡಲಿಗೆ ತೂಗಿದ ಚೀಲದಿಂದ
ಇಣುಕುವ ಮೆಂತ್ಯ ಸೊಪ್ಪಿದೆ,
ಸೈಲೆನ್ಸರಿನ ಬಿಸಿ ಉಸಿರು ನೇರ ನನ್ನ ಕೆನ್ನೆಗೆ.
ಎಲ್ಲರ ಹಣೆಬರಹವೂ ಕೆಎ ಹದಿನೇಳರಿಂದಲೇ ಶುರು.

ತೊಡೆಯ ಮೇಲೆ ಹನ್ನೊಂದು ಸೀರೆ,
ಫಾಲು ಹೊಲಿದು ಕುಚ್ಚು ಕಟ್ಟಿದವು,
ಬಿಸಿಲೇರುವ ಮುಂಚೆ ಚೌಕಿಪೇಟೆಗೆ ಮುಟ್ಟಿಸಬೇಕು.
ಕುಚ್ಚು ಗಾಲಿಗೆ ಸಿಕ್ಕದಂತೆ
ಹಳೇ ಬೆಡ್‌ಶೀಟಿನಲ್ಲಿ ಗಂಟು ಬಿಗಿದಿದ್ದೇನೆ.

ಫುಟ್‌ಪಾತಿನ ಮೇಲೆ ಹೋಗಮ್ಮ, ಎನ್ನುತ್ತಾರೆ.
ಹೋಗಿ ನೋಡಿದ್ದೇನೆ.
ಹತ್ತಲು ಇಳಿಜಾರು ಮಾಡಿದ್ದಾರೆ, ನಿಜ.
ಅದರ ಬಾಯಿಗೇ ಒಂದು ಕಂಬ ನೆಟ್ಟಿದ್ದಾರೆ
ಬೈಕು ಹತ್ತಬಾರದೆಂದು.
ಬೈಕು ಓರೆಯಾಗಿ ಹತ್ತುತ್ತದೆ.
ನಾನು ಓರೆಯಾಗಲಾರೆ.
ಮುಂದಿನ ತಿರುವಿನಲ್ಲಿ ಹತ್ತಿದರೆ ನಲವತ್ತು ಮಾರು ಸಲೀಸು,
ಆಮೇಲೆ ಟ್ರಾನ್ಸ್‌ಫಾರ್ಮರು, ಮಗುಚಿದ ಚಪ್ಪಡಿ, ಕೆಳಗೆ ಕಪ್ಪು ನೀರು.
ಹತ್ತಿದಲ್ಲಿಗೇ ವಾಪಸು.
ಹಾಗಾಗಿ ನಾನು ರಸ್ತೆಯವಳು.
ಲಾರಿಯ ಎಡಕ್ಕೆ, ಚರಂಡಿಯ ಬಲಕ್ಕೆ
ಎರಡೂವರೆ ಅಡಿ. ಅಷ್ಟೇ ನನ್ನ ಪಹಣಿಯಲ್ಲಿರುವುದು.

ಅಕ್ಕನ ಮಗ ಮುರಿಗೇಶಿ ಕುರ್ಚಿಯ ಬೆನ್ನಿಗೆ
ಬಿದಿರು ಕೋಲು ನೆಟ್ಟು ಕೆಂಪು ಅರಿವೆ ಕಟ್ಟಿಕೊಟ್ಟ,
ಸರಳು ಹೊತ್ತ ಗಾಡಿಯ ಬಾಲಕ್ಕೆ ಕಟ್ಟುತ್ತಾರಲ್ಲ, ಹಾಗೆ.
"ಈಗ ನೀನೂ ಕಾಣ್ತಿ ಚಿಗವ್ವಾ."
ಕಾಣೋದು ಅರಿವೆ ಕಣೋ, ಅಂದೆ.
ಆ ವಾರ ಮೂರು ಜನ ನಿಲ್ಲಿಸಿ ಕೇಳಿದರು
ಯಾವ ಪಕ್ಷ ಅಂತ.

ರೈಲ್ವೆ ಗೇಟು.
ಹಳಿಗೂ ಡಾಂಬರಿಗೂ ನಡುವೆ ಒಂದು ಸಂದು, ಮೂರು ಬೆರಳಗಲ,
ರೈಲಿನ ಗಾಲಿಗೆಂದು ಬಿಟ್ಟದ್ದು.
ನನ್ನ ಮುಂದಿನ ಸಣ್ಣ ಗಾಲಿ ಎರಡು ಬೆರಳು.

ಹೋದ ಶ್ರಾವಣದಲ್ಲಿ ಸಿಕ್ಕಿಕೊಂಡಿತು.
ಗೇಟು ಎದ್ದದ್ದೇ ಎರಡೂ ಕಡೆಯವರು ಇಡೀ ರಸ್ತೆ ತುಂಬಿ
ಕಬಡ್ಡಿಯವರಂತೆ ನುಗ್ಗಿದರು. ನಡುಗೆರೆಯಲ್ಲಿ ನಾನು.
ಹಾರನ್ನು, ಹಾರನ್ನು.
ಒಬ್ಬರೂ ಇಳಿಯಲಿಲ್ಲ, ಇಳಿದರೆ ಅವರ ಜಾಗ ಹೋಗುತ್ತದೆ.
"ಸಾರಿ ಆಂಟಿ" ಅಂದಳೊಬ್ಬಳು, ಸ್ಕೂಟಿ ಸುತ್ತಿಸಿಕೊಂಡು.
ರಸ್ತೆ ಖಾಲಿಯಾಯಿತು. ಮತ್ತೆ ಗಂಟೆ ಹೊಡೆಯತೊಡಗಿತು.
ಕಾಲಿಗೆ ತಿಳಿಯದ ನಡುಕ
ಕುರ್ಚಿಯ ಕಬ್ಬಿಣ ಹತ್ತಿ ಅಂಗೈಗೆ ತಿಳಿಯಿತು.

ಗೇಟಿನ ಸೋಮ್ಲಾ ನಾಯ್ಕ ಬಾವುಟ ಬಗಲಲ್ಲಿ ಅವುಚಿಕೊಂಡೇ ಓಡಿ ಬಂದ.
ಕುರ್ಚಿಯನ್ನಲ್ಲ, ನನ್ನನ್ನೂ ಅಲ್ಲ,
ಮೊದಲು ಸೀರೆ ಗಂಟು ಎತ್ತಿ ಎಸೆದ.
"ಭಾರ ಇಳೀಲಿ ಕರಿಬಸವ್ವಾ."
ಆಮೇಲೆ ಹಿಂದಕ್ಕೆ ಎಳೆದ. ಸರಕ್ಕನೆ ಬಿಟ್ಟಿತು.
ಅಲ್ಲಿಯತನಕ ನಾನು ಮುಂದಕ್ಕೇ ತಳ್ಳುತ್ತಿದ್ದೆ.
ಎರಡು ಸೀರೆಗೆ ಗ್ರೀಸು ಹತ್ತಿತ್ತು,
ಅಂಗಡಿಯವರು ಕೂಲಿಯಲ್ಲಿ ಮುರಿದುಕೊಂಡರು.
"ದೊಡ್ಡ ಗಾಲಿ ಮೊದಲು ದಾಟಿಸು," ಅಂದಿದ್ದ,
"ಸಣ್ಣದು ತಾನೇ ಹಿಂದೆ ಬರತೈತಿ."

ಅಂದಿನಿಂದ ಹಳಿಯ ಹತ್ತಿರ ಕುರ್ಚಿ ತಿರುಗಿಸುತ್ತೇನೆ,
ಚೌಕಿಪೇಟೆಗೆ ಬೆನ್ನು ಕೊಟ್ಟು
ಹಿಂದಿದ್ದವರಿಗೆಲ್ಲ ಎದುರಾಗಿ.
ಎದುರಿನಿಂದ ಬರುವವರಿಗೆ ಕೆಂಪು ಅರಿವೆ ಇದೆ.
ಇವರಿಗೆ ನಾನೇ.
ವಿಚಿತ್ರ, ಮುಖಕ್ಕೆ ಮುಖ ಕೊಟ್ಟರೆ ಬ್ರೇಕು ಬೀಳುತ್ತದೆ.
ಹೆಲ್ಮೆಟ್ಟಿನ ಗಾಜಿನ ಹಿಂದೆ ಎರಡು ಕಣ್ಣು ಮೂಡುತ್ತವೆ,
ಹಾಲಿನ ಕ್ಯಾನಿನವನಿಗೆ ಮೀಸೆ ಇದೆ ಎಂದು ತಿಳಿಯುತ್ತದೆ.
ಕೆಲವರು ನಗುತ್ತಾರೆ. ಒಬ್ಬ ಕೈ ಮುಗಿದ, ಯಾಕೋ.
ನಾನು ಮುಗಿಯಲಿಲ್ಲ.
ನನ್ನವೆರಡೂ ಗಾಲಿಯ ಮೇಲಿದ್ದವು.

ಮೊದಲ ಹಳಿ, ಟಕ್.
ಎರಡನೆಯದು.
ಇನ್ನೂ ಎರಡಿವೆ.